ಪ್ರುಯಿಟ್-ಐಗೋ ಹಾಳಾಗಿದ್ದು ಡಿಸೈನ್ ತಪ್ಪಿಂದಾನಾ?

ಅಮೆರಿಕಾದ ಸೇಂಟ್ ಲೂಯಿಸ್‌ನಲ್ಲಿ ಸರ್ಕಾರ ಬಡವರಿಗೆ ಅಂತ ಕಟ್ಟಿಸಿದ್ದ ಪ್ರುಯಿಟ್-ಐಗೋ ಅನ್ನೋ ದೊಡ್ಡ ಹೌಸಿಂಗ್ ಕಾಲೋನಿ ಹಾಳಾಗಿದ್ದಕ್ಕೆ ಆರ್ಕಿಟೆಕ್ಟೇ ಕಾರಣಾನಾ ಅಂತ ಕೇಳಿದ್ರಲ್ಲ, ಪೂರ್ತಿ ಅಲ್ಲ ಸರ್. ಅದರ ಆರ್ಕಿಟೆಕ್ಟ್ ಯಮಾಸಾಕಿ ಮೊದಲು ಕೊಟ್ಟ ಪ್ಲ್ಯಾನಲ್ಲಿ ಎತ್ತರದ ಬಿಲ್ಡಿಂಗ್ ಜೊತೆ ಚಿಕ್ಕ ಬಿಲ್ಡಿಂಗೂ ಇದ್ವು, ಖರ್ಚು ಜಾಸ್ತಿ ಅಂತ ಸರ್ಕಾರದೋರು ಒಪ್ಪದೆ 33 ಬ್ಲಾಕನ್ನೂ 11 ಮಹಡಿ ಮಾಡಿಸಿದ್ರು. ಲಿಫ್ಟು ಮೂರು ಮಹಡಿಗೊಂದ್ಸಲ ನಿಲ್ತಿತ್ತು, ಮಿಕ್ಕೋರು ಕತ್ತಲೆ ಮೆಟ್ಲಲ್ಲಿ ಓಡಾಡ್ಬೇಕು, ಇದು ಮಾತ್ರ ಡಿಸೈನ್ ತಪ್ಪೇ ಬಿಡಿ (ಆಗ ಇದನ್ನೇ ಹೊಗಳಿದ್ರು!). ಆದ್ರೆ ನನ್ ಪ್ರಕಾರ ನಿಜವಾದ ಪೆಟ್ಟು ದುಡ್ಡಿಂದು, ಮೇಂಟೆನೆನ್ಸೆಲ್ಲಾ ಬಾಡಿಗೆ ದುಡ್ಡಲ್ಲೇ ನಡೀಬೇಕಿತ್ತು, ಜನ ಊರು ಬಿಟ್ಟು ಸಬರ್ಬ್ ಕಡೆ ಹೋಗ್ತಾ ಹೋಗ್ತಾ ಮನೆಗಳು ಖಾಲಿ ಬಿದ್ವು, ಬಾಡಿಗೆ ಬರ್ಲಿಲ್ಲ, ಪೈಪು ಲಿಫ್ಟು ರಿಪೇರೀನೂ ಆಗ್ಲಿಲ್ಲ, ಅದ್ರಲ್ಲೂ ಬಾಡಿಗೆ ಏರಿಸಿದ್ರು ಅಂತ 1969ರಲ್ಲಿ ಅಲ್ಲಿದ್ದೋರೇ ಸ್ಟ್ರೈಕ್ ಮಾಡಿದ್ರು. 1972ರಲ್ಲಿ ಕೆಡವೋಕೆ ಶುರು ಮಾಡಿ 1976ರ ಹೊತ್ತಿಗೆ ಎಲ್ಲಾ ನೆಲಸಮ.