ಹಳದಿ ಹೊಟ್ಟೆ ನೋಡಿ ಮೋಸಹೋಗಬೇಡಿ

ಪ್ರಶ್ನೆ: ಸರ್, ನಾನು ಸಿಂಗಪುರದಲ್ಲಿ ಕೆಲಸ ಮಾಡುತ್ತೇನೆ. ರಜೆಯ ದಿನ ಸುಂಗೈ ಬುಲೋ ಕಾಂಡ್ಲಾ ಕಾಡಿನ ಹಲಗೆ ಸೇತುವೆ ಮೇಲೆ ನಡೆಯುವ ಅಭ್ಯಾಸ. ಅಲ್ಲೊಂದು ಪುಟಾಣಿ ಹಕ್ಕಿ ಆಗಾಗ ಕಾಣುತ್ತದೆ. ಗುಬ್ಬಿಗಿಂತ ಎಷ್ಟೋ ಚಿಕ್ಕದು. ಬೆನ್ನು ಕಂದು, ಗಂಟಲಿಂದ ಕೆಳಗೆ ಪೂರ್ತಿ ಹಳದಿ. ಒಂದು ಕಡೆ ನಿಲ್ಲುವುದೇ ಇಲ್ಲ. ಹೆಣ್ಣು ಸೂರಕ್ಕಿ ಅಂದುಕೊಂಡೆ, ಆದರೆ ಕೊಕ್ಕು ಬಾಗಿಲ್ಲ. ಊರಿಂದ ತಂದ ಭಾರತದ ಹಕ್ಕಿಗಳ ಪುಸ್ತಕದಲ್ಲಿ ಉಲಿಯಕ್ಕಿಗಳ ಪುಟವೆಲ್ಲ ತಿರುವಿದೆ, ಯಾವುದೂ ಹೊಂದುತ್ತಿಲ್ಲ. ಫೋಟೋ ಮಸುಕಾಗಿದೆ, ಕ್ಷಮಿಸಿ. ಇನ್ನೊಂದು: ಅಲ್ಲೇ ಒಂದು ಕೊಂಬೆ ತುದಿಯಲ್ಲಿ ಒಣಕಸದ ಮುದ್ದೆಯಂಥದ್ದು ನೇತಾಡುತ್ತಿದೆ. ಅದು ಇದರ ಗೂಡಾ?

ಉತ್ತರ: ಕ್ಷಮೆ ಎಲ್ಲ ಯಾಕೆ? ಕಾಂಡ್ಲಾ ಕಾಡಿನೊಳಗೆ ತೆಗೆದ ಪುಟ್ಟ ಹಕ್ಕಿಯ ಫೋಟೋ ಚೆನ್ನಾಗಿ ಬಂದರೇ ನನಗೆ ಅನುಮಾನ. ಕೆಳಗೆ ಗಾಢ ನೆರಳು, ಮೇಲೆ ಕಣ್ಣು ಕುಕ್ಕುವ ಬೆಳಕು, ಮಧ್ಯೆ ಮಿರಮಿರ ಮಿಂಚುವ ಎಲೆ. ನಿಮ್ಮ ಫೋಟೋದಲ್ಲಿ ನೇರ ಕೊಕ್ಕು, ಕಂದು ತಲೆ, ಹಳದಿ ಗಂಟಲು ಮೂರೂ ಕಾಣುತ್ತವೆ. ಅಷ್ಟು ಸಾಕು. ಇದು ಗೋಲ್ಡನ್ ಬೆಲ್ಲೀಡ್ ಜೆರಿಗೊನಿ. ಹಳೆಯ ಪುಸ್ತಕಗಳಲ್ಲಿ ಫ್ಲೈಈಟರ್ ಅಂತ ಇರುತ್ತದೆ.

ನಿಮ್ಮ ಪುಸ್ತಕದ ತಪ್ಪೇನೂ ಇಲ್ಲ. ಈ ಹಕ್ಕಿ ಭಾರತದಲ್ಲಿಲ್ಲ. ಇದರ ಬಂಧುಬಳಗವೆಲ್ಲ ಬಹುಪಾಲು ಆಸ್ಟ್ರೇಲಿಯಾ, ನ್ಯೂಗಿನಿ ಕಡೆಯದು. ಅವುಗಳಲ್ಲಿ ಏಷ್ಯಾದ ಮುಖ್ಯ ಭೂಭಾಗಕ್ಕೆ ಬಂದು ನೆಲೆ ನಿಂತಿದ್ದು ಇದೊಂದೇ. 1864ರಲ್ಲಿ ಇದಕ್ಕೆ ವೈಜ್ಞಾನಿಕ ಹೆಸರು ಕೊಟ್ಟವನು ಆಲ್‌ಫ್ರೆಡ್ ರಸೆಲ್ ವಾಲೇಸ್. ಏಷ್ಯಾದ ಪ್ರಾಣಿಗಳು ಎಲ್ಲಿಗೆ ಮುಗಿಯುತ್ತವೆ, ಆಸ್ಟ್ರೇಲಿಯಾದವು ಎಲ್ಲಿಂದ ಶುರು ಅಂತ ಗೆರೆ ಎಳೆದವನೂ ಅವನೇ. ಅವನೇ ಹೆಸರಿಟ್ಟ ಹಕ್ಕಿ ಆ ಗೆರೆಯನ್ನು ಲೆಕ್ಕಕ್ಕೇ ಇಟ್ಟುಕೊಳ್ಳದೆ ಈಚೆ ಬಂದು ಕೂತಿದೆ, ನೋಡಿ.

ಇನ್ನು ಗುರುತು ಹಿಡಿಯುವ ವಿಷಯ. ಎಲ್ಲರೂ ಹಳದಿ ಹೊಟ್ಟೆ ನೋಡಿ ಶುರು ಮಾಡುತ್ತಾರೆ. ಅಲ್ಲೇ ಎಡವುವುದು. ಆ ಕಾಡಿನಲ್ಲಿ ಹಳದಿ ಹೊಟ್ಟೆ ಯಾರಿಗಿಲ್ಲ ಹೇಳಿ! ಹೆಣ್ಣು ಸೂರಕ್ಕಿಗಿದೆ, ಮಧುರಕಂಠಕ್ಕಿದೆ, ಬೆಳ್ಗಣ್ಣಕ್ಕೂ ಅಲ್ಲಲ್ಲಿ ಇದೆ. ಹಾಗಾಗಿ ಹೊಟ್ಟೆ ಬಿಟ್ಟು ತಲೆ ನೋಡಿ. ಸೂರಕ್ಕಿಯ ಕೊಕ್ಕು ಉದ್ದ, ಬಾಗಿರುತ್ತದೆ. ಅದನ್ನು ನೀವೇ ಗಮನಿಸಿದ್ದೀರಿ. ಬೆಳ್ಗಣ್ಣನಿಗೆ ಕಣ್ಣಿನ ಸುತ್ತ ದಪ್ಪ ಬಿಳಿ ಉಂಗುರ. ಮಧುರಕಂಠ ಇದಕ್ಕಿಂತ ದೊಡ್ಡದು, ರೆಕ್ಕೆ ಮೇಲೆ ಎರಡು ಬಿಳಿ ಪಟ್ಟೆ. ಜಾಸ್ತಿ ತಲೆ ತಿನ್ನುವುದು ವಲಸೆ ತಿಂಗಳುಗಳಲ್ಲಿ ಅಲ್ಲಿಗೆ ಬರುವ ಆರ್ಕ್ಟಿಕ್ ವಾರ್ಬ್ಲರ್. ಅದಕ್ಕೆ ಉದ್ದನೆಯ ತಿಳಿ ಹುಬ್ಬು ಇರುತ್ತದೆ, ಬೆನ್ನು ಹಸಿರು ಛಾಯೆಯದು.

ಜೆರಿಗೊನಿಗೆ ಹುಬ್ಬಿಲ್ಲ, ರೆಕ್ಕೆಪಟ್ಟೆ ಇಲ್ಲ, ಬೆನ್ನಿನಲ್ಲಿ ಹಸಿರಿಲ್ಲ. ಕೆನ್ನೆಯ ಬೂದುಗಂದು ನೇರವಾಗಿ ಗಂಟಲಿನ ಹಳದಿಗೆ ತಾಗುತ್ತದೆ. ಕೊಕ್ಕು ಮತ್ತು ಕಣ್ಣಿನ ನಡುವೆ ಒಂದು ಸಣ್ಣ ಬಿಳಿ ಚುಕ್ಕೆ, ಅಷ್ಟೇ. ಬೈನಾಕ್ಯುಲರ್‌ನಲ್ಲಿ ಆ ಚುಕ್ಕೆ ಸಿಕ್ಕಿತು ಅಂದರೆ ಕೆಲಸ ಮುಗಿಯಿತು. ಬಾಲ ಬಿಚ್ಚಿದಾಗ ತುದಿಯ ಹತ್ತಿರ ಬಿಳಿ ಮಚ್ಚೆಗಳೂ ಕಾಣುತ್ತವೆ, ಆದರೆ ಅದನ್ನು ನೋಡಲು ಅದೃಷ್ಟ ಬೇಕು. ಮರಿಗಳ ಹಳದಿ ತುಂಬಾ ಪೇಲವ, ಕಣ್ಣಿನ ಸುತ್ತ ತೆಳು ಬಿಳಿ ಗೆರೆ ಬೇರೆ. ಅದನ್ನು ಬೆಳ್ಗಣ್ಣ ಅಂದುಕೊಳ್ಳಬೇಡಿ. ಗಂಡು, ಹೆಣ್ಣು ನೋಡಲು ಒಂದೇ ಥರ.

ನಿಜ ಹೇಳಬೇಕೆಂದರೆ, ಒಂಬತ್ತು-ಹತ್ತು ಸೆಂಟಿಮೀಟರ್ ಹಕ್ಕಿಯ ಹಿಂದೆ ಕ್ಯಾಮೆರಾ ಹಿಡಿದು ಓಡುವುದಕ್ಕಿಂತ ಸುಮ್ನೆ ನಿಂತು ಕೇಳುವುದು ಒಳ್ಳೆಯದು. ನಿಮ್ಮ ಪತ್ರದಲ್ಲಿ ಹಾಡಿನ ಬಗ್ಗೆ ಒಂದು ಮಾತೂ ಇಲ್ಲ. ಜೆರಿಗೊನಿಯ ಹಾಡು ತೀರಾ ತೆಳು, ತೀರಾ ಮೇಲಿನ ಸ್ವರದ್ದು. ಎಳೆದೆಳೆದು ಕೆಲವು ಸ್ವರ ಹಾಡುತ್ತದೆ, ಒಂದೊಂದೂ ಸ್ವಲ್ಪ ಸ್ವಲ್ಪ ಕೆಳಗೆ ಜಾರುತ್ತದೆ. ಸಂಗೀತ ಕಲಿಯುವ ಮಗು ಅವರೋಹಣದ ಮಧ್ಯೆ ಉಸಿರು ಸಾಲದೆ ನಿಲ್ಲಿಸಿಬಿಟ್ಟ ಹಾಗೆ. ಕೇಳಿದವರಿಗೆ 'ಮುಂದೆ?' ಅನಿಸುತ್ತದೆ. ಮುಂದೆ ಏನೂ ಇರುವುದಿಲ್ಲ. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಮೊದಲಿಂದ. ನಾನು ಇದನ್ನು ಮೊದಲು ಕೇಳಿದ್ದು ಕಾಂಡ್ಲಾದಲ್ಲೂ ಅಲ್ಲ, ಕ್ವಾಲಾಲಂಪುರದ ಒಂದು ಪಾರ್ಕಿಂಗ್ ಜಾಗದಲ್ಲಿ. ಕಾಂಡ್ಲಾ ಇದರ ಮೂಲ ಮನೆಯಾದರೂ ತೆಂಗಿನ ತೋಟ, ರಬ್ಬರ್ ತೋಟ, ಊರೊಳಗಿನ ದೊಡ್ಡ ಮರಗಳಲ್ಲೂ ಆರಾಮಾಗಿರುತ್ತದೆ. ನಿಮ್ಮ ಆಫೀಸಿನ ಹತ್ತಿರದ ಮರದಲ್ಲೂ ಇರಬಹುದು, ಕಿವಿಗೊಡಿ.

ನೇತಾಡುವ ಮುದ್ದೆ ಇದರ ಗೂಡೇ ಇರಬೇಕು. ನಾರು, ಹುಲ್ಲು, ಜೇಡರ ಬಲೆ ಸೇರಿಸಿ ಹೆಣೆದ ಚೀಲ. ಮೇಲ್ಭಾಗದಲ್ಲಿ ಪಕ್ಕಕ್ಕೆ ಒಂದು ಬಾಗಿಲು, ಕೆಳಗೆ ಸುಮ್ಮನೆ ಇಳಿಬಿದ್ದ ಬಾಲ. ಆ ಬಾಲದಿಂದಲೇ ಅದು ನೆರೆ ನೀರು ಕೊಂಬೆಗೆ ಸಿಕ್ಕಿಸಿ ಹೋದ ಕಸದಂತೆ ಕಾಣುವುದು. ಸೂರಕ್ಕಿಯ ಗೂಡೂ ಹೀಗೇ ನೇತಾಡುತ್ತದಾದ್ದರಿಂದ, ಒಳಗೆ ಹೋಗಿಬರುವ ಹಕ್ಕಿಯ ಕೊಕ್ಕು ನೋಡಿ ಖಾತ್ರಿ ಮಾಡಿಕೊಳ್ಳಿ. ಸೇತುವೆ ಮೇಲಿಂದಲೇ ನೋಡಿ, ಹತ್ತಿರ ಹೋಗಿ ಕೊಂಬೆ ಸರಿಸಬೇಡಿ.

ಈ ಗೂಡಿಗೊಬ್ಬ ಕಳ್ಳನೂ ಇದ್ದಾನೆ. ಕಾಗೆಗೆ ಕೋಗಿಲೆ ಇದ್ದ ಹಾಗೆ ಜೆರಿಗೊನಿಗೆ ಲಿಟಲ್ ಬ್ರಾಂಜ್ ಕಕೂ. ಈ ಕಕೂನ ಮೊಟ್ಟೆ ಗಾಢ ಕಂದುಬಣ್ಣದ್ದು, ಗೂಡಿನ ಕತ್ತಲಲ್ಲಿ ಕಣ್ಣಿಗೆ ಬೀಳುವುದೇ ಕಷ್ಟ. ಆದರೆ ಆಸ್ಟ್ರೇಲಿಯಾದ ಕಾಂಡ್ಲಾ ಕಾಡುಗಳಲ್ಲಿರುವ ನಮ್ಮ ಜೆರಿಗೊನಿಯ ದಾಯಾದಿ ಮ್ಯಾಂಗ್ರೋವ್ ಜೆರಿಗೊನಿ ಏನು ಮಾಡುತ್ತದೆ ಗೊತ್ತಾ? ಮೊಟ್ಟೆ ಒಡೆದು ಬಂದ ಕಳ್ಳಮರಿಯನ್ನು ಕೊಕ್ಕಿನಲ್ಲಿ ಕಚ್ಚಿ ಎಳೆದು ಗೂಡಿನಾಚೆ ಎಸೆಯುತ್ತದೆ. ಇದನ್ನು ಜಪಾನಿನ ಸಂಶೋಧಕರು ಕಂಡು 2010ರಲ್ಲಿ ಪ್ರಕಟಿಸಿದರು. ಮೋಸಹೋದ ಹಕ್ಕಿ ಪರರ ಮರಿಯನ್ನು ಸಾಕುತ್ತಲೇ ಇರುತ್ತದೆ ಎಂದು ಓದಿ ಬೆಳೆದ ನನಗಂತೂ ಇದು ದೊಡ್ಡ ಸುದ್ದಿಯಾಗಿತ್ತು.

ಹಾಗಾಗಿ ಆ ಗೂಡಿನ ಆಸುಪಾಸು ಇನ್ನೊಂದು ಹಕ್ಕಿಯ ಮೇಲೂ ಕಣ್ಣಿಡಿ. ಗುಬ್ಬಿಯಷ್ಟು ಉದ್ದ, ಕಂಚುಹಸಿರು ಬೆನ್ನು, ಬಿಳಿ ಹೊಟ್ಟೆ ಮೇಲೆ ಸಾಲು ಸಾಲು ಅಡ್ಡಪಟ್ಟೆ. ಗಂಡಾದರೆ ಕಣ್ಣಿನ ಸುತ್ತ ಕೆಂಪು ಉಂಗುರ. ಸಿಕ್ಕರೆ ಫೋಟೋ ಕಳಿಸಿ, ಮಸುಕಾಗಿದ್ದರೂ ಪರವಾಗಿಲ್ಲ.