ಇಳಾ ಅಂತ ಹೆಸರಿಡಬಹುದಾ?

ಪ್ರಶ್ನೆ: ಮಗಳಿಗೆ ಇಳಾ ಅಂತ ಹೆಸರಿಡುವ ಆಸೆ. ಮನೆಯಲ್ಲಿ ಯಾರೂ ಈ ಹೆಸರು ಕೇಳಿಲ್ಲವಂತೆ. ಇದರ ಮೂಲ, ಅರ್ಥ ಏನು? ಯಾರಾದರೂ ಇಡುತ್ತಾರಾ?

ಉತ್ತರ: ಖಂಡಿತ ಇಡಿ, ನನಗಂತೂ ತುಂಬಾ ಇಷ್ಟದ ಹೆಸರು. ಬಹಳ ಹಳೆಯದು ಕೂಡ. ಋಗ್ವೇದದಲ್ಲಿ ಸರಸ್ವತಿ, ಭಾರತಿಯರ ಜೊತೆ ಬರುವ ದೇವತೆ ಇಳಾ. ಭೂಮಿ, ಮಾತು ಎರಡೂ ಅರ್ಥ ಇದೆ, ನಮ್ಮ ಕವಿತೆಗಳ ‘ಇಳೆ’ಯೂ ಇದೇ ಅಲ್ವಾ. ಪುರಾಣದ ಇಳಾ ಮನುವಿನ ಮಗಳು, ಕೆಲಕಾಲ ಗಂಡಾಗಿಯೂ ಬದುಕಿದವಳು, ಬುಧನಿಂದ ಅವಳಿಗೆ ಹುಟ್ಟಿದ ಪುರೂರವನಿಂದಲೇ ಚಂದ್ರವಂಶ ಬೆಳೆಯಿತು. ಕನ್ನಡದಲ್ಲಿ ಈ ಹೆಸರು ಅಪರೂಪ. ಗುಜರಾತ್, ಬಂಗಾಳದ ಹಿಂದಿನ ತಲೆಮಾರಿನಲ್ಲಿ ‘ಇಲಾ’ ಆಗಿ ಸಿಗುತ್ತದೆ. 1972ರಲ್ಲಿ ಅಹಮದಾಬಾದಿನಲ್ಲಿ ದುಡಿಯುವ ಹೆಂಗಸರಿಗಾಗಿ ‘ಸೇವಾ’ ಸಂಘ ಕಟ್ಟಿದ ಇಲಾ ಭಟ್ ಹೆಸರೂ ಇದೇ.