ತಡ ಆಗುತ್ತಿರುವುದು ಕೈಗೋ, ಹಾಡಿಗೋ?

(ರಿದಮ್ ಗೇಮ್, ಅಂದರೆ ಹಾಡಿನ ತಾಳಕ್ಕೆ ಸರಿಯಾಗಿ ಒತ್ತುವ ಆಟ, ಆಡುವ ಓದುಗರ ಪ್ರಶ್ನೆಗಳಿಗೆ ಶಿವಮೊಗ್ಗದ ಮೃದಂಗ ಮೇಷ್ಟ್ರೊಬ್ಬರ ಉತ್ತರ. ಇವರು ಮೃದಂಗದಷ್ಟೇ ಈ ಆಟಗಳನ್ನೂ ಬಡಿದವರು.)

ಪ್ರಶ್ನೆ: ಓಸು ಆಟದ ಮೇನಿಯಾ ಆಡುತ್ತೇನೆ, ಪರದೆಯಲ್ಲಿ ಇಳಿದು ಬರುವ ನೋಟುಗಳಿಗೆ ಸರಿಯಾಗಿ ನಾಲ್ಕು ಕೀ ಒತ್ತುವುದು. ದಿನಕ್ಕೆ ನಾಲ್ಕು ಗಂಟೆ ಅಭ್ಯಾಸ. 180 ಬಿಪಿಎಂನ (ನಿಮಿಷಕ್ಕೆ 180 ಬೀಟ್) ಒಂದೇ ಹಾಡಿನಲ್ಲಿ ಐದು ತಿಂಗಳಿಂದ ಸಿಕ್ಕಿಬಿದ್ದಿದ್ದೇನೆ. ನನ್ನ ರಿಫ್ಲೆಕ್ಸ್ ಕಡಿಮೆಯೇ? ರಿಫ್ಲೆಕ್ಸ್ ಹೆಚ್ಚಿಸುವ ಆನ್‌ಲೈನ್ ಕೋರ್ಸ್ ಸೇರಲೇ? ಬ್ಲೂಟೂತ್ ಇಯರ್‌ಬಡ್ ಹೊಸದೇ. – ವಿದ್ಯಾರ್ಥಿ, ತೀರ್ಥಹಳ್ಳಿ

ಉತ್ತರ: ಆ ಕೊನೆಯ ಸಾಲನ್ನು ಮೊದಲು ಬರೆದಿದ್ದರೆ ಉಳಿದದ್ದನ್ನು ಬರೆಯುವ ಶ್ರಮ ತಪ್ಪುತ್ತಿತ್ತು. ವಾರಕ್ಕೊಮ್ಮೆಯಾದರೂ ಯಾರೋ ಒಬ್ಬರು ಇದನ್ನೇ ಕೇಳುತ್ತಾರೆ, ಎಲ್ಲರ ಕಿವಿಯಲ್ಲೂ ಅದೇ ಬಿಳಿ ಬಡ್!

ಲೆಕ್ಕ ಹಾಕಿ. 180 ಬಿಪಿಎಂನಲ್ಲಿ ಒಂದು ಬೀಟಿಗೆ ನಾಲ್ಕು ನೋಟ್ ಅಂದರೆ ಸೆಕೆಂಡಿಗೆ 12. ಎರಡು ನೋಟಿನ ನಡುವೆ 83 ಮಿಲಿಸೆಕೆಂಡ್. ಬ್ಲೂಟೂತಿನಲ್ಲಿ ಶಬ್ದ ಕಿವಿ ಮುಟ್ಟಲು ಸಾಮಾನ್ಯವಾಗಿ 100ರಿಂದ 250 ಮಿಲಿಸೆಕೆಂಡ್ ಬೇಕು. ನೀವು ಕೇಳಿ ಒತ್ತುವ ಹೊತ್ತಿಗೆ ಒಂದರಿಂದ ಮೂರು ನೋಟ್ ಆಗಲೇ ದಾಟಿ ಹೋಗಿರುತ್ತವೆ. ಡಬ್ಬದ ಮೇಲೆ ಬರೆದ 'ಗೇಮಿಂಗ್ ಮೋಡ್' ಆ ತಡವನ್ನು ಇಳಿಸಬಹುದು, ಅಳಿಸುವುದಿಲ್ಲ. ನೂರಿನ್ನೂರು ರೂಪಾಯಿಯ ತಂತಿಯ ಇಯರ್‌ಫೋನ್ ತನ್ನಿ. ಕೋರ್ಸಿನ ದುಡ್ಡಿನಲ್ಲಿ ಮಿಕ್ಕಿದ್ದಕ್ಕೆ ಮಸಾಲೆ ದೋಸೆ ತಿನ್ನಿ.

ತಂತಿ ಸಿಕ್ಕಿಸಿದ ಮೇಲೂ ತಪ್ಪು ಬರುತ್ತದೆ. ಆಗ ತಪ್ಪನ್ನು ಓದಬೇಕು. ಆಡುವಾಗ ಪರದೆಯಲ್ಲಿ ಒಂದು ಸಣ್ಣ ಪಟ್ಟಿ ಕಾಣುತ್ತದೆ, ಒತ್ತಿದ್ದು ಮುಂಚೆಯೋ ತಡವೋ ಅನ್ನುವ ಗೀರುಗಳು ಅದರ ಮೇಲೆ ಬೀಳುತ್ತವೆ. ನಿಮ್ಮಲ್ಲಿ ಹೆಚ್ಚಿನವರು ಅದನ್ನು ಅಲಂಕಾರ ಅಂದುಕೊಂಡಿದ್ದೀರಿ. ಗೀರುಗಳೆಲ್ಲ ಒಂದೇ ಕಡೆ ಗುಂಪಾಗಿ ಬಿದ್ದಿದ್ದರೆ ಮೊದಲು ಯಂತ್ರವನ್ನು ಅನುಮಾನಿಸಿ, ಸೆಟ್ಟಿಂಗ್ಸ್‌ನಲ್ಲಿ ಆಫ್‌ಸೆಟ್ (ಹಾಡಿಗೂ ನೋಟಿಗೂ ನಡುವಿನ ಸಮಯದ ಹೊಂದಾಣಿಕೆ) ಸರಿಸಿ. ಎರಡೂ ಕಡೆ ಚೆಲ್ಲಾಡಿದ್ದರೆ ತಪ್ಪು ಕೈಯದು, ಆಫ್‌ಸೆಟ್ ಮುಟ್ಟಲೇಬೇಡಿ. ಮಳೆಗಾಲದಲ್ಲಿ ಇನ್ನೊಂದು ಫಜೀತಿ. ಕರೆಂಟ್ ಹೋಗಿ ಬ್ಯಾಟರಿಗೆ ಬಂದ ಕೂಡಲೇ ಕೆಲವು ಲ್ಯಾಪ್‌ಟಾಪ್‌ಗಳ ಪರದೆ 144 ಹರ್ಟ್ಸ್‌ನಿಂದ (ಸೆಕೆಂಡಿಗೆ 144 ಸಲ ಚಿತ್ರ ಬದಲಿಸುವುದರಿಂದ) 60ಕ್ಕೆ ಇಳಿಯುತ್ತದೆ. ನಿನ್ನೆ ಸರಿಯಿದ್ದದ್ದು ಇವತ್ತೇಕೆ ಕೆಟ್ಟಿತು ಅಂತ ನನಗೆ ಬರೆಯುವ ಮುಂಚೆ ಅದನ್ನು ನೋಡಿ.

ಇನ್ನು ರಿಫ್ಲೆಕ್ಸ್. ಕಣ್ಣಿಗೆ ಕಂಡದ್ದಕ್ಕೆ ಬೆರಳು ಅಲ್ಲಾಡಲು ಮನುಷ್ಯನಿಗೆ ಹತ್ತಿರ ಹತ್ತಿರ ಕಾಲು ಸೆಕೆಂಡ್ ಬೇಕು. ಅಷ್ಟರಲ್ಲಿ ಮೂರು ನೋಟ್ ಹೋಗಿರುತ್ತದೆ. ಹಾಗಾಗಿ ಈ ವೇಗದಲ್ಲಿ ನೋಡಿ ಒತ್ತುವವರು ಯಾರೂ ಇಲ್ಲ, ಎಲ್ಲರೂ ಮೊದಲೇ ಲೆಕ್ಕ ಹಿಡಿದಿರುತ್ತಾರೆ. ಭಾಗವತರು ಪದ ಎತ್ತಿದಾಗ ಮದ್ದಳೆಯವರು ಏಟು ಕೇಳಿಸಿಕೊಂಡು ಕೈ ಎತ್ತುತ್ತಾರೆಯೇ? ರಿಫ್ಲೆಕ್ಸ್ ಮಾರುವವರು ನಿಮಗೆ ಬೇಡದ ಸರಕು ಮಾರುತ್ತಿದ್ದಾರೆ.

ನಿಮಗೆ ಬೇಕಿರುವುದು ಕಾಲಪ್ರಮಾಣ, ಅಂದರೆ ಲಯವನ್ನು ಓಡಿಸದೆ ಒಂದೇ ಸಮನೆ ಹಿಡಿಯುವುದು. ನನ್ನ ಕ್ಲಾಸಿನ ಹುಡುಗರದ್ದೂ ಇದೇ ರೋಗ: ಕಷ್ಟದ ಜತಿ ಹತ್ತಿರ ಬಂದಂತೆ ಭುಜ ಮೇಲೇಳುತ್ತದೆ, ಉಸಿರು ನಿಲ್ಲುತ್ತದೆ, ಲಯ ಓಡುತ್ತದೆ. ಒಂದೇ ಹಾಡನ್ನು ಐದು ತಿಂಗಳು ಬಡಿದರೆ ಕೈಗೆ ಆ ಓಟವೇ ಪಾಠವಾಗುತ್ತದೆ. ಆ ಹಾಡನ್ನು ಒಂದು ತಿಂಗಳು ಮುಚ್ಚಿಡಿ. ಬೇರೆ ಹತ್ತು ಹಾಡು ತೆಗೆದುಕೊಂಡು 'ಹಾಫ್ ಟೈಮ್' ಹಾಕಿ ಆಡಿ. ಹೆಸರು ಹಾಫ್ ಆದರೂ ವೇಗ ಮುಕ್ಕಾಲು, 180 ಇದ್ದದ್ದು 135 ಆಗುತ್ತದೆ. ಒತ್ತುವ ಮುಂಚೆ ಬಾಯಲ್ಲಿ ತಕಧಿಮಿ ಹೇಳಿಕೊಳ್ಳಿ. ಬಾಯಿಗೆ ಬಾರದ್ದು ಬೆರಳಿಗೆ ಬರುವುದಿಲ್ಲ. ಮನೆಯವರು ನಗುತ್ತಾರೆ, ನಗಲಿ.

ಸ್ಕ್ರೋಲ್ ವೇಗ, ಅಂದರೆ ಪರದೆಯಲ್ಲಿ ನೋಟು ಇಳಿಯುವ ವೇಗ, ತಗ್ಗಿಸಿಕೊಂಡಿದ್ದೀರಿ ಅಂತಲೂ ನನ್ನ ಊಹೆ. ತಗ್ಗಿಸಿದರೆ ಹಾಡು ನಿಧಾನವಾಗುವುದಿಲ್ಲ, ನೋಟುಗಳು ಸಂತೆಯ ಬಸ್ಸಿನಂತೆ ಒತ್ತೊತ್ತಾಗುತ್ತವೆ ಅಷ್ಟೇ. ಏರಿಸಿ. ಎರಡು ದಿನ ಗಾಬರಿಯಾಗುತ್ತದೆ, ಮೂರನೇ ದಿನ ನಡುವಿನ ಜಾಗ ಕಾಣತೊಡಗುತ್ತದೆ. ನಾಲ್ಕು ಗಂಟೆ ಬೇಡ, ನಲವತ್ತು ನಿಮಿಷ ಸಾಕು. ಆಮೇಲೆ ಮಲಗಿ. ಕೈ ಕಲಿತದ್ದು ಗಟ್ಟಿಯಾಗುವುದರಲ್ಲಿ ನಿದ್ದೆಗೂ ಪಾಲಿದೆ.

ಪ್ರಶ್ನೆ: ಯಾವ ಫೋನ್ ತಗೊಳ್ಳಲಿ? – ಶಿವಮೊಗ್ಗದಿಂದ ಹನ್ನೊಂದು ಜನ

ಉತ್ತರ: ಇರುವುದನ್ನೇ ಒರೆಸಿಕೊಂಡು ಆಡಿ. ಆಷಾಢದ ತೇವಕ್ಕೆ ಬೆವರಿದ ಬೆರಳನ್ನು ಯಾವ ದುಬಾರಿ ಪರದೆಯೂ ಸರಿಯಾಗಿ ಹಿಡಿಯುವುದಿಲ್ಲ.

ಪ್ರಶ್ನೆ: ಒಂದೆಲಗದ ಮಾತ್ರೆ ನುಂಗಿದರೆ ಬೆರಳು ಚುರುಕಾಗುತ್ತದಂತೆ, ನಿಜವೇ? – ಭದ್ರಾವತಿ

ಉತ್ತರ: ಒಂದೆಲಗದ್ದು ತಂಬುಳಿ ಮಾಡಿ.

ಪ್ರಶ್ನೆ: ಆಡಿದ ಮೇಲೆ ಮಣಿಕಟ್ಟು ನೋಯುತ್ತದೆ, ಬೆರಳು ಜುಮ್ಮೆನ್ನುತ್ತದೆ. ಯಾವ ಎಣ್ಣೆ ಹಚ್ಚಲಿ? – ಹೊಸನಗರ

ಉತ್ತರ: ಯಾವುದನ್ನೂ ಹಚ್ಚಬೇಡಿ, ಆಟ ನಿಲ್ಲಿಸಿ, ಡಾಕ್ಟರಿಗೆ ತೋರಿಸಿ. ಇದೇ ಜುಮ್ಮಿಗೆ ನಾನು ಒಬ್ಬ ಎಣ್ಣೆ ಮಾಲೀಷಿನವರ ಹತ್ತಿರ ಹೋಗಿ ಕೈ ಎಳೆಸಿಕೊಂಡೆ. ಆಮೇಲೆ ಎರಡು ತಿಂಗಳು ಮೃದಂಗದ ಬಾರು ಬಿಗಿಯಲೂ ಆಗಲಿಲ್ಲ, ಕಾಫಿ ಲೋಟವನ್ನು ಎಡಗೈಯಲ್ಲೇ ಹಿಡಿದೆ. ಈಗ ಇಪ್ಪತ್ತು ನಿಮಿಷಕ್ಕೊಮ್ಮೆ ಎದ್ದು ಕೈ ಕೊಡವುತ್ತೇನೆ. ಅಂಜುಬುರುಕ ಅಂತ ಕರೆಯುವವರು ಕರೆಯಲಿ.

ಪ್ರಶ್ನೆ: ನನಗೆ 46. ಇಪ್ಪತ್ತು ವರ್ಷದಿಂದ ಡೊಳ್ಳು ಬಾರಿಸುತ್ತಿದ್ದೇನೆ. ಮಗನ ಜೊತೆ ಟೈಕೊ ಡ್ರಮ್ ಆಟ ಆಡಿ ಸೋತೆ. ವಯಸ್ಸಾಯಿತೇ? – ಸಾಗರ

ಉತ್ತರ: ನಿಮ್ಮ ತಾಳಕ್ಕೇನೂ ಆಗಿಲ್ಲ ಸ್ವಾಮಿ. ಮಗನಿಗೆ ಬಣ್ಣ ಓದುವ ರೂಢಿಯಿದೆ, ನಿಮಗಿಲ್ಲ. ಪರದೆಯಲ್ಲಿ ಕೆಂಪು ಗುಂಡು ಬಂದರೆ ಡ್ರಮ್ಮಿನ ನಡುವಿಗೆ, ನೀಲಿ ಬಂದರೆ ಅಂಚಿಗೆ. ದೊಡ್ಡ ಗುಂಡು ಬಂದರೆ ಎರಡೂ ಕೈ. ಹದಿನೈದು ದಿನ ಸುಲಭದ ಹಂತದಲ್ಲಿ ಒಬ್ಬರೇ ಆಡಿ, ಆಮೇಲೆ ಮಗನನ್ನು ಕರೆಯಿರಿ. ಯಾರು ಗೆದ್ದಿರಿ ಅಂತ ಒಂದು ಸಾಲು ಬರೆದು ಹಾಕಿ, ಈ ಕಂತೆಯಲ್ಲಿ ನನಗೆ ಖುಷಿ ಕೊಟ್ಟ ಪತ್ರ ನಿಮ್ಮದೊಂದೇ.